ಎತ್ತಿನ ಹಲ್ಲು ನೋಡುವವರು ಕಾರಿನ ಟೈರ್ ನೋಡುವುದಿಲ್ಲ

ಕಳೆದ ದಸರೆಗೆ ನನ್ನ ತಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಹೊಸ ಕಾರು ತಂದ. ನಾನು ಪುಣೆಯಿಂದ ಹಿಂದಿನ ರಾತ್ರಿಯಷ್ಟೇ ಬಂದಿದ್ದೆ. ಶೋರೂಮಿನಲ್ಲಿ ಜಾತ್ರೆಯೇ ನೆರೆದಿತ್ತು. ಸಾಲಾಗಿ ನಿಂತ ಕಾರುಗಳಿಗೆ ಚೆಂಡುಹೂವಿನ ಮಾಲೆ, ಗಾಲಿಗೊಂದು ನಿಂಬೆಹಣ್ಣು, ಒಬ್ಬರ ತೆಂಗಿನಕಾಯಿಯ ನೀರು ಇನ್ನೊಬ್ಬರ ಚಪ್ಪಲಿಗೆ. ನಾನು ಬಗ್ಗಿ ಬಾಗಿಲಿನ ಕೆಳಗಂಚು ನೋಡಹೊರಟರೆ ಅಪ್ಪ ತಡೆದರು: "ಮುಹೂರ್ತ ಮೀರುತ್ತದೆ. ಶುಭದ ಹೊತ್ತಿನಲ್ಲಿ ಐಬು ಹುಡುಕಬೇಡ."

ಮರುದಿನ ಹಾವೇರಿಯ ನಮ್ಮ ಅಂಗಳದ ಎಳೆಬಿಸಿಲಿನಲ್ಲಿ ನೋಡಿದರೆ ಎಡಗಡೆಯ ಹಿಂಬಾಗಿಲಿನದು ಬೇರೆಯೇ ಬಿಳಿ. ಅಂಗೈಯಗಲ ಜಾಗಕ್ಕೆ ಮತ್ತೆ ಬಣ್ಣ ಹೊಡೆದಿದ್ದರು. ಬೆರಳಾಡಿಸಿದರೆ ಮರಳು ಮರಳು. ಫೋನ್ ಮಾಡಿದಾಗ, "ನಿನ್ನೆ ನೋಡಿಯೇ ಸಹಿ ಮಾಡಿದಿರಲ್ಲ ಸರ್" ಎಂದರು, ಬಲು ವಿನಯದಿಂದ.

ಪುಣೆಯಲ್ಲಿ ನನ್ನ ಕಾರನ್ನು ನಾನು ಮೊದಲು ಕಂಡದ್ದು ಶೋರೂಮಿನಲ್ಲಲ್ಲ, ಊರಾಚೆಯ ಸ್ಟಾಕ್ ಯಾರ್ಡಿನ ಧೂಳಿನಲ್ಲಿ, ಬಿಲ್ ಆಗುವ ಮುಂಚೆ. ಕಚೇರಿಯ ಮರಾಠಿ ಗೆಳೆಯ ಎಳೆದುಕೊಂಡು ಹೋಗಿದ್ದ. ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ ಎಂದು ಅವನೇ ತೋರಿಸಿದ. 3224 ಎಂದರೆ 2024ರ 32ನೇ ವಾರದಲ್ಲಿ ತಯಾರಾದದ್ದು. ಕೆಲವು ಟೈರುಗಳಲ್ಲಿ ಅದು ಒಳಬದಿಗಿರುತ್ತದೆ, ಅಂಗಿಯ ಆಸೆ ಬಿಟ್ಟು ಗಾಡಿಯಡಿ ತೂರಬೇಕು. ಸ್ಟೆಪ್ನಿ ಸೇರಿ ಐದರ ಅಂಕಿಗಳೂ ಆಸುಪಾಸಿನಲ್ಲಿರಬೇಕು. ಒಂದು ಮಾತ್ರ ದೂರವಿದ್ದರೆ ಏಕೆಂದು ಕೇಳಬೇಕು. ಆಮೇಲೆ 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆಯನ್ನು ಕಾಗದದೊಡನೆ ತಾಳೆ ನೋಡಿದೆವು. ಗಾಡಿ ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲೇ ಅಚ್ಚಾಗುತ್ತವೆ. ಡಿಸೆಂಬರಿನ ಗಾಡಿಯನ್ನು ಜನವರಿಯಲ್ಲಿ ಕೊಂಡರೆ, ಮಾರುವ ದಿನ ಅದು ಒಂದು ವರ್ಷ ಹಳೆಯದೆಂದೇ ಲೆಕ್ಕ. ಬಣ್ಣವನ್ನಂತೂ ಬಿಸಿಲಿನಲ್ಲೇ ನೋಡಬೇಕು. ಇಷ್ಟೂ ನೋಂದಣಿಗೆ ಮುಂಚೆ ಆಗಬೇಕಾದದ್ದು. ಕೆಎ 27 ಎಂದು ನಂಬರ್ ಬಿದ್ದ ಮೇಲೆ ಗಾಡಿಯೂ ನಿಮ್ಮದು, ಐಬೂ ನಿಮ್ಮದು.

ಪುಣೆಯವರದೂ ಒಮ್ಮೊಮ್ಮೆ ಅತಿಯೇ. ಅದೇ ಯಾರ್ಡಿನಲ್ಲಿ ಒಬ್ಬರು ಸೀಟಿನ ಹೊಲಿಗೆ ಎಣಿಸುತ್ತಿದ್ದುದನ್ನು ಕಂಡಿದ್ದೇನೆ. ಹೊಸ ಕಾರಿನ ಸಂತೋಷ ಆ ಮುಖದಲ್ಲಿ ಎಲ್ಲೂ ಇರಲಿಲ್ಲ.

ಹಾಗೆಂದು ನಮ್ಮವರಿಗೆ ಪರೀಕ್ಷೆ ಹೊಸದೇನಲ್ಲ. ದನದ ಸಂತೆಯಲ್ಲಿ ಅಪ್ಪ ಎತ್ತಿನ ತುಟಿ ಸರಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಮಾರುವವನು ಬೀಗನೇ ಆಗಿದ್ದರೂ ಬಿಡುವುದಿಲ್ಲ, ಅವನೂ ಬೇಸರಪಡುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ಹಿಡಿ ಮೆಣಸಿನಕಾಯಿ ಮುರಿದು ನೋಡದೆ ದರ ಬರೆಯುವ ವರ್ತಕ ಉಂಟೇ? ಲಕ್ಷಗಟ್ಟಲೆ ಸುರಿದ ಕಾರಿನ ಮುಂದೆ ಮಾತ್ರ ಕೈಮುಗಿದು ನಿಲ್ಲುತ್ತೇವೆ. ಎತ್ತಿಗೂ ಪೂಜೆ ಮಾಡುವವರೇ ನಾವು, ಆದರೆ ಹಲ್ಲು ನೋಡಿ ತಂದ ಮೇಲೆ. ಕಾರನ್ನು ವಾರ ಮುಂಚೆ ಯಾರ್ಡಿಗೆ ಹೋಗಿ ನೋಡಿ ಬಂದರೆ ಮುಹೂರ್ತಕ್ಕೇನು ಭಂಗ?

ಈಗ ಸೋದರಮಾವ ಕಾರು ಬುಕ್ ಮಾಡಿದ್ದಾರೆ. "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದು ಶೋರೂಮಿನವರು ಮುಖ ಸಣ್ಣದು ಮಾಡಿದರಂತೆ. ಆದರೂ ಅಪ್ಪ ನಿನ್ನೆ ಮಾವನ ಜೊತೆ ಯಾರ್ಡಿಗೆ ಹೋಗಿ, ಟೈರುಗಳ ಫೋಟೊ ಒಂದೊಂದಾಗಿ ಕಳುಹಿಸಿದರು. ನಾಲ್ಕು ಬಂದಿವೆ. ಸ್ಟೆಪ್ನಿಯದು ಇನ್ನೂ ಬಂದಿಲ್ಲ.