ಜೋಯಿಸರು ಬಂದದ್ದು ಕೊಟ್ಟಿಗೆಗಲ್ಲ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿನ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ, ಕಟ್ಟುವ ಕೆಲಸ ನನ್ನದು. ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸುವುದು, ಕಾಗದ ಮುದುರಿ ಗುಡ್ಡ ಮಾಡುವುದು, ಕಿವಿ ಮುರಿದ ಕತ್ತೆಗೆ ಗೋಂದು ಹಚ್ಚುವುದು. ಈ ಸಲ ಬೊಂಬೆ ಜೋಡಿಸುತ್ತಿದ್ದಾಗ ಏಳನೆಯ ತರಗತಿಯ ಮಗಳು ಕೇಳಿದಳು: “ಅಪ್ಪಾ, ಮತ್ತಾಯನ ಸುವಾರ್ತೆಯಲ್ಲಿ ಜೋಯಿಸರು ಮನೆಯೊಳಗೆ ಬಂದರು ಎಂದಿದೆಯಲ್ಲ, ನೀವೇಕೆ ಅವರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುತ್ತೀರಿ?”

ಅವಳ ಮಾತು ಸರಿ. ನಾವು ಕಟ್ಟುವ ಗೋದಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಯಾವುದರಲ್ಲೂ ಇಲ್ಲ. ಮಗುವನ್ನು ನೋಡಲು ಬರುವ ಕುರುಬರು ಲೂಕನ ಸುವಾರ್ತೆಯವರು, ನಕ್ಷತ್ರ ನೋಡಿ ಬರುವ ಜೋಯಿಸರು ಮತ್ತಾಯನವರು. ಒಬ್ಬರ ಕಥೆಯಲ್ಲಿ ಇನ್ನೊಬ್ಬರ ಸುಳಿವೇ ಇಲ್ಲ. ಲೂಕನ ಪ್ರಕಾರ ಯೋಸೇಫ, ಮರಿಯರ ಊರು ನಜರೇತ್. ಖಾನೇಷುಮಾರಿಗೆಂದು ಯೋಸೇಫನ ಪೂರ್ವಜ ದಾವೀದ ರಾಜನ ಊರಾದ ಬೇತ್ಲೆಹೇಮಿಗೆ ಹೋಗುತ್ತಾರೆ, ಮಗು ಹುಟ್ಟುತ್ತದೆ, ಜೆರುಸಲೇಮಿನ ದೇವಾಲಯದ ಕ್ರಮಗಳನ್ನು ಮುಗಿಸಿ ಊರಿಗೆ ಮರಳುತ್ತಾರೆ. ಮತ್ತಾಯನಲ್ಲಿ ಈ ಪ್ರಯಾಣವೇ ಇಲ್ಲ. ಅವರು ಇರುವುದು ಬೇತ್ಲೆಹೇಮಿನಲ್ಲಿ, ಮನೆಯಲ್ಲಿ. ಅರಸ ಹೆರೋದನಿಗೆ ಹೆದರಿ ಐಗುಪ್ತಕ್ಕೆ ಓಡುತ್ತಾರೆ. ಮರಳುವಾಗ ಬೇತ್ಲೆಹೇಮಿರುವ ಯೂದಾಯದಲ್ಲಿ ಅವನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ತಿಳಿದು ನಜರೇತಿಗೆ ಹೋಗಿ ನೆಲೆಸುತ್ತಾರೆ. ನಜರೇತಿನ ಹೆಸರು ಮತ್ತಾಯನಲ್ಲಿ ಮೊದಲು ಬರುವುದೇ ಅಲ್ಲಿ.

ವರ್ಷದ ಗೊಂದಲ ಇನ್ನೂ ದೊಡ್ಡದು. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದನ್ನು ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಲೂಕ ಹೇಳುವ, ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಖಾನೇಷುಮಾರಿ ನಡೆದದ್ದು ಕ್ರಿ.ಶ. 6ರಲ್ಲಿ, ರೋಮ್ ಅರ್ಖೆಲಾಯನನ್ನು ಕಿತ್ತುಹಾಕಿ ಯೂದಾಯವನ್ನು ನೇರವಾಗಿ ತನ್ನ ಆಡಳಿತಕ್ಕೆ ತೆಗೆದುಕೊಂಡಾಗ. ನಡುವೆ ಹತ್ತಿರ ಹತ್ತಿರ ಹತ್ತು ವರ್ಷ. ‘ಕುರೇನ್ಯ ಅದಕ್ಕೂ ಮೊದಲು ಇನ್ನೊಂದು ಗಣತಿ ಮಾಡಿರಬೇಕು’ ಎಂದು ಹೊಂದಿಸುವವರಿದ್ದಾರೆ. ಅದು ತೇಪೆ. ಸಾವಿರ ವರ್ಷದ ಹಿಂದಿನ ದಾವೀದನ ಊರಿಗೆ ಜನರನ್ನು ನಡೆಸಿ ಕಂದಾಯದ ಲೆಕ್ಕ ಬರೆಯುವ ಅಧಿಕಾರಿ ಇದ್ದಾನೆಯೇ? ಅವನಿಗೆ ಬೇಕಾದದ್ದು ಈಗ ಯಾರ ಹೊಲ ಎಲ್ಲಿದೆ ಎಂಬುದು. ವರ್ಷದ ಮಟ್ಟಿಗೆ ನಾನು ಮತ್ತಾಯನ ಕಡೆ. ಹಾಗೆಂದರೆ ಕ್ರಿಸ್ತ ಹುಟ್ಟಿದ್ದೇ ಕ್ರಿಸ್ತಪೂರ್ವದಲ್ಲಿ. ಈ ತಮಾಷೆಗೆ ಕಾರಣ 525ರಲ್ಲಿ ಕೂತು ಕ್ರಿಸ್ತಶಕದ ವರ್ಷಗಳನ್ನು ಎಣಿಸಿದ ಡಯೊನೀಸಿಯಸ್ ಎಂಬ ಸನ್ಯಾಸಿ.

ದಿನಾಂಕದ ಬಗ್ಗೆ ಜಗಳವೇ ಬೇಡ, ಸುವಾರ್ತೆಗಳಲ್ಲಿ ಅದಿಲ್ಲ. ಶಾಲೆಯ ಮೇಷ್ಟ್ರು ಬರೆದುಕೊಂಡ ಜೂನ್ 1 ನನ್ನ ಅಪ್ಪನ ಹುಟ್ಟುಹಬ್ಬವಾದಂತೆ ಇದೂ ಆಗಿರಬಹುದು. ಆರ್ಮೇನಿಯದ ಕ್ರೈಸ್ತ ಸಭೆ ಇವತ್ತಿಗೂ ಆಚರಿಸುವುದು ಜನವರಿ 6ರಂದು. ‘ಸೂರ್ಯದೇವರ ಹಬ್ಬವನ್ನು ಕದ್ದರು’ ಎಂದು ಪ್ರತಿವರ್ಷ ವಾಟ್ಸ್‌ಆ್ಯಪಿನಲ್ಲಿ ಕಳಿಸುವವರಿಗೆ ಒಂದೇ ಮಾತು: ಡಿಸೆಂಬರ್ 25ರಂದು ಸೂರ್ಯನ ಹಬ್ಬವಿತ್ತೆಂದು ತೋರಿಸಲು ಮುಂದಿಡುವ ಪಂಚಾಂಗ, ಆ ದಿನ ಯೇಸು ಹುಟ್ಟಿದನೆಂಬ ದಾಖಲೆ, ಎರಡೂ ಇರುವುದು 354ರ ಒಂದೇ ರೋಮನ್ ಸಂಪುಟದಲ್ಲಿ. ಯಾರು ಯಾರದನ್ನು ಕದ್ದರೆಂದು ಅದರಿಂದ ತೀರ್ಪು ಕೊಡಲಾಗದು.

ನನ್ನನ್ನು ಕಾಡುವುದು ಊರು. ಮಾರ್ಕನಲ್ಲಿ ಜನನದ ಕಥೆಯೇ ಇಲ್ಲ. ಯೇಸು ನಜರೇತಿನಿಂದ ಬರುತ್ತಾನೆ, ಅಷ್ಟೆ. ಯೋಹಾನನ ಏಳನೆಯ ಅಧ್ಯಾಯದಲ್ಲಿ ಜನ ವಾದಕ್ಕಿಳಿಯುತ್ತಾರೆ: ಕ್ರಿಸ್ತ ಬರಬೇಕಾದದ್ದು ದಾವೀದನ ಬೇತ್ಲೆಹೇಮಿನಿಂದಲ್ಲವೇ, ನಜರೇತಿರುವ ಗಲಿಲಾಯದಿಂದ ಬರುವುದುಂಟೇ? ‘ಅಯ್ಯಾ, ಅವನು ಹುಟ್ಟಿದ್ದೇ ಅಲ್ಲಿ’ ಎಂದು ಒಂದು ಸಾಲು ಬರೆದಿದ್ದರೆ ವಾದ ಮುಗಿಯುತ್ತಿತ್ತು. ಯೋಹಾನ ಬರೆಯುವುದಿಲ್ಲ. ಓದುಗರಿಗೆ ಗೊತ್ತೇ ಇದೆಯೆಂದು ಬಿಟ್ಟನೇ, ಅವನಿಗೇ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಅದು ಮುಖ್ಯವೆನಿಸಲಿಲ್ಲವೇ? ಆ ಪುಟ ಬಂದಾಗಲೆಲ್ಲ ನಾನು ನಿಲ್ಲುತ್ತೇನೆ. ಬೇತ್ಲೆಹೇಮಿನಿಂದ ಇಸ್ರಾಯೇಲನ್ನು ಆಳುವವನು ಬರುತ್ತಾನೆಂದು ಹಳೆಯ ಪ್ರವಾದಿ ಮೀಕ ನುಡಿದಿದ್ದರಿಂದ, ಹೇಗಾದರೂ ಅಲ್ಲಿಗೆ ಮುಟ್ಟಿಸಲು ಮತ್ತಾಯ, ಲೂಕ ಇಬ್ಬರು ಎರಡು ದಾರಿ ಹಿಡಿದರೆಂದು ಹಲವು ವಿದ್ವಾಂಸರು ಹೇಳುತ್ತಾರೆ. ನಜರೇತಿಗೆ ಸಮೀಪದಲ್ಲೇ, ಗಲಿಲಾಯದಲ್ಲಿ, ಇನ್ನೊಂದು ಬೇತ್ಲೆಹೇಮಿದೆ. ಅಲ್ಲೇ ಹುಟ್ಟಿರಬೇಕೆನ್ನುವವರೂ ಉಂಟು. ಹಾಗೆಂದು ಯೂದಾಯದ ಬೇತ್ಲೆಹೇಮನ್ನು ತಳ್ಳಿಹಾಕುವುದೂ ಸುಲಭವಲ್ಲ. ಮಿಕ್ಕ ಬಹಳಷ್ಟರಲ್ಲಿ ಬೇರೆಯಾಗುವ ಇಬ್ಬರು ಊರಿನಲ್ಲಿ ಒಂದಾಗುತ್ತಾರೆ. ಯೇಸು ಹುಟ್ಟಿದ್ದು ಅಲ್ಲಿನ ಗವಿಯಲ್ಲಿ ಎಂಬ ಮಾತನ್ನು ಪ್ಯಾಲೆಸ್ತೀನಿನಲ್ಲೇ ಹುಟ್ಟಿದ ಕ್ರೈಸ್ತ ಬರಹಗಾರ ಜಸ್ಟಿನ್ ಎರಡನೆಯ ಶತಮಾನದ ನಡುವಿನಲ್ಲೇ ಎತ್ತುತ್ತಾನೆ, ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅಲ್ಲಿ ಚರ್ಚು ಕಟ್ಟಿಸುವುದಕ್ಕೆ ಸುಮಾರು ನೂರೆಪ್ಪತ್ತು ವರ್ಷ ಮೊದಲು.

ಒತ್ತಾಯಿಸಿದರೆ ನಜರೇತ್ ಎನ್ನುತ್ತೇನೆ, ಹತ್ತರಲ್ಲಿ ಆರು ಪಾಲು. ಇದನ್ನು ಹೇಳಿದಾಗ ಹಿರಿಯರೊಬ್ಬರು, “ಹಾಗಾದರೆ ನೀನೇಕೆ ಪೂಜೆಗೆ ಬರುತ್ತೀಯ?” ಎಂದರು. ನಾನು ಅಲ್ಲಿಗೆ ಹೋಗುವುದು ಜನನ ಪ್ರಮಾಣಪತ್ರ ನೋಡಿಕೊಂಡಲ್ಲ ಎಂದು ಹೇಳಬಹುದಿತ್ತು. ಹಬ್ಬದ ದಿನವಾದ್ದರಿಂದ ಸುಮ್ಮನಾದೆ.

ಮಗಳಿಗೆ ಇದರಲ್ಲಿ ಅರ್ಧ ಹೇಳಿದೆ. ಅವಳು ಮೂವರು ಜೋಯಿಸರನ್ನೂ ಒಂಟೆಯನ್ನೂ ಎತ್ತಿಕೊಂಡು ಹೋಗಿ ಟಿವಿಯ ಪಕ್ಕ ನಿಲ್ಲಿಸಿ, “ಇವರು ಇನ್ನೂ ದಾರಿಯಲ್ಲಿದ್ದಾರೆ” ಎಂದಳು. ಸಂಜೆ ಕಸ ಗುಡಿಸುವಾಗ ಹೆಂಡತಿ ಅವರನ್ನು ಮತ್ತೆ ಕೊಟ್ಟಿಗೆಗೆ ತಂದಿಟ್ಟಳು. ಒಂಟೆ ಮಾತ್ರ ಇನ್ನೂ ಟಿವಿಯ ಪಕ್ಕದಲ್ಲೇ ಇದೆ.