ನೇಣಿಗೆ ಎರಡೇ ದಿನ, ಗೆಳೆಯ ನಿರಪರಾಧಿ

ಸುಳ್ಳು ಕೊಲೆ ಆರೋಪಕ್ಕೆ ಸಿಕ್ಕಿಬಿದ್ದ ಗೆಳೆಯನನ್ನು ಬಿಡಿಸಲು ನಾಯಕ ಊರೆಲ್ಲ ಓಡಾಡುವ ಐತಿಹಾಸಿಕ ಪತ್ತೇದಾರಿ ಕಾದಂಬರಿ ಹಿಡಿದರೆ, ಐವತ್ತನೇ ಪುಟದ ಹೊತ್ತಿಗೆ ಒಮ್ಮೆ ನಿಂತು ಕೇಳಿಕೊಳ್ಳಿ: ಇವನಿಗೆ ಇಷ್ಟು ಅವಸರ ಯಾಕೆ? ಉತ್ತರ ಆ ಕಾಲದ ಕಾನೂನಿನಲ್ಲೇ ಇದ್ದರೆ ಪುಸ್ತಕ ಗಟ್ಟಿ. ಅಧ್ಯಾಯಕ್ಕೊಂದು ಕುದುರೆ ಓಟ, ಕತ್ತಲ ಓಣಿಯಲ್ಲೊಂದು ಚೂರಿ, ಇಷ್ಟೇ ಆದರೆ ಅದು ವೇಗ ಅಲ್ಲ, ಬರೀ ಗಡಿಬಿಡಿ.

18ನೇ ಶತಮಾನದ ಲಂಡನ್ ಇಂಥ ಕತೆಗೆ ಹೇಳಿ ಮಾಡಿಸಿದ ಜಾಗ. 1752ರಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಕೊಲೆಗಾರನಿಗೆ ಶಿಕ್ಷೆ ಘೋಷಣೆಯಾದ ಮೂರನೇ ದಿನವೇ ನೇಣು. ಇವತ್ತು ಬುಧವಾರವಾದರೆ ಶುಕ್ರವಾರ ಮುಗಿಯಿತು. ಆ ದಿನ ಭಾನುವಾರ ಬಿದ್ದರೆ ಮಾತ್ರ ಸೋಮವಾರಕ್ಕೆ ಹೋಗುತ್ತಿತ್ತು, ಅಂದರೆ ಶುಕ್ರವಾರ ಶಿಕ್ಷೆಯಾದವನಿಗೆ ಒಂದು ದಿನ ಹೆಚ್ಚು ಆಯುಸ್ಸು. ಅಲ್ಲಿಯವರೆಗೆ ಬ್ರೆಡ್ಡು, ನೀರು. ಸತ್ತ ಮೇಲೂ ಬಿಡುಗಡೆ ಇಲ್ಲ, ಹೆಣವನ್ನು ಕೊಯ್ದು ನೋಡಲು ವೈದ್ಯರಿಗೆ ಕೊಡುತ್ತಿದ್ದರು, ಇಲ್ಲವೇ ಸರಪಳಿಯಲ್ಲಿ ತೂಗುಹಾಕುತ್ತಿದ್ದರು. ಇಂಥ ಗಡಿಯಾರ ಕೈಯಲ್ಲಿರುವ ಲೇಖಕರಿಗೆ ಚೂರಿ ಹಿಡಿದ ಮುಸುಕುಧಾರಿ ಬೇಕೇ?

ಓಡಾಡುವ ಕೆಲಸ ಗೆಳೆಯನ ತಲೆಗೇ ಬರುವುದಕ್ಕೂ ಕಾರಣವಿದೆ. 1836ರವರೆಗೆ ಅಲ್ಲಿ ಕೊಲೆ ಆರೋಪಿಯ ವಕೀಲ ಸಾಕ್ಷಿಗಳನ್ನು ಪ್ರಶ್ನಿಸಬಹುದಿತ್ತು, ಜ್ಯೂರಿಯನ್ನು ಉದ್ದೇಶಿಸಿ ವಾದ ಮಂಡಿಸುವಂತಿರಲಿಲ್ಲ. ಆರೋಪಿ ತಾನೇ ಪ್ರಮಾಣ ಮಾಡಿ ಸಾಕ್ಷಿ ಹೇಳುವ ಹಕ್ಕು ಎಲ್ಲ ಮೊಕದ್ದಮೆಗಳಿಗೂ ಸಿಕ್ಕಿದ್ದು 1898ರಲ್ಲಿ. 1760ರ ಕತೆಯಲ್ಲಿ ವಕೀಲ ಎದ್ದು ನಿಂತು ಹತ್ತು ಪುಟ ಭಾಷಣ ಬಿಗಿದನೋ, ಬರೆದವರು ಇತಿಹಾಸ ಓದಿಲ್ಲ, ಸಿನಿಮಾ ನೋಡಿದ್ದಾರೆ.

ಸುಳ್ಳು ಆರೋಪ ಹೊರಿಸಿದ್ದು ಯಾರು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ದುಡ್ಡು ಯಾರ ಜೇಬಿಗೆ ಹೋಗುತ್ತದೆ ನೋಡಿ. ಹೆದ್ದಾರಿ ದರೋಡೆಕೋರನನ್ನು ಹಿಡಿದು ಶಿಕ್ಷೆ ಕೊಡಿಸಿದವರಿಗೆ 1692ರ ಕಾಯ್ದೆ 40 ಪೌಂಡ್ ಬಹುಮಾನ ಇಟ್ಟಿತ್ತು. ಕೂಲಿಯವನು ವರ್ಷಪೂರ್ತಿ ದುಡಿದರೂ ಅಷ್ಟು ಕಾಣುತ್ತಿರಲಿಲ್ಲ. ಕಳ್ಳರನ್ನು ಹಿಡಿಯುವುದೇ ಕಸುಬಾದಾಗ, ಕಳ್ಳರು ಸಿಗದ ದಿನ ಕಳ್ಳರನ್ನು ತಯಾರಿಸುವವರೂ ಹುಟ್ಟಿಕೊಂಡರು. ಈ ಕಸುಬಿನ ದೊಡ್ಡ ಕುಳ ಜೊನಾಥನ್ ವೈಲ್ಡ್‌ನನ್ನು ಕೊನೆಗೆ 1725ರಲ್ಲಿ ನೇಣಿಗೇ ಹಾಕಿದರು.

ವಿಜ್ಞಾನದ ಲೆಕ್ಕ ಚಿಕ್ಕದು. ಆರ್ಸೆನಿಕ್ ವಿಷ ಪತ್ತೆಹಚ್ಚುವ ಮಾರ್ಷ್ ಪರೀಕ್ಷೆ ಬಂದಿದ್ದು 1836ರಲ್ಲಿ. ಕಲೆ ಮನುಷ್ಯನ ರಕ್ತದ್ದೋ ಪ್ರಾಣಿಯದ್ದೋ ಎಂದು ಹೇಳುವ ಪರೀಕ್ಷೆ, ಲಂಡನ್ ಪೊಲೀಸರ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡ್‌ನ ಬೆರಳಚ್ಚು ವಿಭಾಗ, ಎರಡೂ 1901ರವು. ಅದಕ್ಕೂ ಹಿಂದಿನ ಕತೆಯಲ್ಲಿ ಗೆಳೆಯ ‘ಇದು ಕುರಿ ರಕ್ತ’ ಅಂದರೆ ಅದನ್ನು ಸಾಬೀತು ಮಾಡಲೂ ಆಗದು, ಅಲ್ಲಗಳೆಯಲೂ ಆಗದು. ಒಳ್ಳೆಯ ಲೇಖಕರು ಈ ಇಕ್ಕಟ್ಟನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ.

ಹಾಗಾದರೆ ಬಿಡಿಸುವುದು ಹೇಗೆ? ಅಬ್ರಹಾಂ ಲಿಂಕನ್ ವಕೀಲರಾಗಿದ್ದಾಗ ಹಳೆಯ ಗೆಳೆಯ ಜ್ಯಾಕ್ ಆರ್ಮ್‌ಸ್ಟ್ರಾಂಗ್‌ನ ಮಗ ಡಫ್ ಕೊಲೆ ಆರೋಪಕ್ಕೆ ಸಿಕ್ಕಿಕೊಂಡ. ಘಟನೆ 1857ರ ಆಗಸ್ಟ್ 29ರ ರಾತ್ರಿಯದು. ರಾತ್ರಿ ಹನ್ನೊಂದರ ಸುಮಾರಿಗೆ, 150 ಅಡಿ ದೂರದಿಂದ, ಬೆಳದಿಂಗಳಲ್ಲಿ ಕಂಡೆ ಅಂದ ಮುಖ್ಯ ಸಾಕ್ಷಿ. ಲಿಂಕನ್ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿ, ಆಮೇಲೆ ಪಂಚಾಂಗ ತೆರೆದರು. ಆ ಹೊತ್ತಿಗೆ ಚಂದ್ರ ಮುಳುಗುವ ಹಂತದಲ್ಲಿದ್ದ. 1858ರ ಮೇ ತಿಂಗಳಲ್ಲಿ ಡಫ್ ಖುಲಾಸೆಯಾದ. ಪಂಚಾಂಗಕ್ಕಿಂತ ಸಾಕ್ಷಿಯ ಬಾಯಿಂದ ಮೊದಲೇ ಮೊಳೆ ಹೊಡೆಸಿಕೊಂಡಿದ್ದು ದೊಡ್ಡದು. ಇಲ್ಲದಿದ್ದರೆ ಅವನು ‘ಹನ್ನೊಂದಲ್ಲ, ಒಂಬತ್ತಿರಬೇಕು’ ಅಂತ ಜಾರಿಕೊಳ್ಳುತ್ತಿದ್ದ.

ಅದಕ್ಕೇ ಓದುವಾಗ ಪುಸ್ತಕದೊಳಗೆ ಒಂದು ಚೀಟಿ ಇಟ್ಟುಕೊಳ್ಳಿ. ಯಾರು ಹೇಳಿದರು, ಎಷ್ಟು ಗಂಟೆ, ಯಾವ ಬೆಳಕು, ಎಷ್ಟು ದೂರ. ನಾಲ್ಕು ಕಲಂ ಸಾಕು. ಇಂಥ ಪುಸ್ತಕಗಳಲ್ಲಿ ಸುಳಿವು ಇರುವುದು ಹೊಡೆದಾಟದ ಪುಟದಲ್ಲಲ್ಲ, ಅದಕ್ಕೆ ಹಿಂದಿನ ಸಪ್ಪೆ ಪುಟದಲ್ಲಿ, ಊಟ, ದೀಪ, ಗಾಡಿ ಬಾಡಿಗೆಯ ಮಾತಿನ ನಡುವೆ. ಅವಸರದಲ್ಲಿ ನಾವು ಹಾರಿಸುವುದೂ ಅದನ್ನೇ.

ಇನ್ನೊಂದು ಕಡೆ ಈ ಕಾದಂಬರಿಗಳು ಸೋಲುತ್ತವೆ: ಆರೋಪಿ ಗೆಳೆಯ ಸೆರೆಮನೆಯಲ್ಲಿ ಗೋಣಿಚೀಲದ ಹಾಗೆ ಕೂತಿರುತ್ತಾನೆ, ಬಿಡಿಸಲು ಬಂದವನು ತಪ್ಪೇ ಮಾಡುವುದಿಲ್ಲ. ಶೂದ್ರಕನ ಸಂಸ್ಕೃತ ನಾಟಕ ಮೃಚ್ಛಕಟಿಕ ನೋಡಿ. ವಸಂತಸೇನೆಯನ್ನು ಕೊಂದ ಆರೋಪ ಚಾರುದತ್ತನ ಮೇಲೆ. ನ್ಯಾಯಸಭೆಗೆ ಓಡಿಬಂದ ಗೆಳೆಯ ಮೈತ್ರೇಯ ಸಿಟ್ಟಿಗೆದ್ದು, ಆರೋಪ ಹೊರಿಸಿದ ಶಕಾರನ ಮೇಲೆ ಬೀಳುತ್ತಾನೆ, ಆ ಎಳೆದಾಟದಲ್ಲಿ ಮೈತ್ರೇಯನ ಬಳಿಯಿದ್ದ ವಸಂತಸೇನೆಯ ಒಡವೆಗಳು ಎಲ್ಲರೆದುರು ನೆಲಕ್ಕೆ ಉದುರುತ್ತವೆ. ಕೇಸು ಕೆಟ್ಟಿದ್ದೇ ಗೆಳೆಯನಿಂದ! ಅಷ್ಟು ಹಳೆಯ ನಾಟಕಕ್ಕೆ ಗೊತ್ತಿದ್ದ ಈ ಪಟ್ಟು ಇವತ್ತಿನ ಎಷ್ಟೋ ಕಾದಂಬರಿಗಳಿಗೆ ಗೊತ್ತಿಲ್ಲ.

ತೀರ್ಪು ಬಂದ ಕೂಡಲೇ ಇಬ್ಬರೂ ತಬ್ಬಿಕೊಂಡು ಹೊರಗೆ ನಡೆದುಬಿಟ್ಟರೆ ಇಸವಿ ನೋಡಿ. ಇಂಗ್ಲೆಂಡಿನಲ್ಲಿ 1774ರ ಕಾಯ್ದೆ ಬರುವವರೆಗೆ, ನಿರಪರಾಧಿ ಅನಿಸಿಕೊಂಡವನೂ ಜೈಲರನ ಶುಲ್ಕ ಕಟ್ಟದೆ ಹೊರಗೆ ಬರುವಂತಿರಲಿಲ್ಲ. ಆ ದುಡ್ಡು ಕಟ್ಟಿದ್ದು ಯಾರು ಅಂತ ಲೇಖಕರು ಒಂದು ಸಾಲಾದರೂ ಬರೆದಿದ್ದಾರಾ?