ಸಿಲಿಂಡರ್ ಕೋಡ್ ಹೇಳಿದ್ದಕ್ಕೆ ಹುಂಜ

ಇವತ್ತು ಸಂಜೆ ಬಟ್ಟೆಯ ಹುಂಜವೊಂದನ್ನು ತೊಡೆ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ನನಗೆ 31 ವರ್ಷ. ಎದುರು ಸೀಟಿನ ಮಗು ಅದನ್ನು ನೋಡಿ ಕೈ ಚಾಚಿತು. ಕೊಟ್ಟುಬಿಡೋಣ ಅನ್ನಿಸಿತು. ಕೊಡುವ ಹಾಗಿಲ್ಲ. ನಿಯಮ.

ನಿಯಮ ಗೊತ್ತಿದ್ದೇ ಸಹಿ ಹಾಕಿದ್ದು, ಒಪ್ಪಿದೆ. ಫ್ರೆಂಚ್ ಕಲಿಯಲು ಫ್ರಾನ್ಸಿಗೆ ಬಂದಿದ್ದೇನೆ. ಶಾಲೆಯವರು ಮೊದಲ ದಿನವೇ ಒಂದು ಹಾಳೆ ಕೊಟ್ಟಿದ್ದರು. ಗೇಟಿನೊಳಗೆ ಬಂದ ಮೇಲೆ ಫ್ರೆಂಚ್ ಬಿಟ್ಟು ಬೇರೆ ಮಾತಿಲ್ಲ. ಹೀಗೆ ಭಾಷೆಯಲ್ಲೇ ಮುಳುಗಿಸಿ ಕಲಿಸುವುದಕ್ಕೆ ಇಮರ್ಶನ್ ಅಂತ ಹೆಸರು. ಕಾಫಿ ಮೆಷಿನ್ ಹತ್ತಿರವೂ ಇಲ್ಲ, ಕಾರಿಡಾರಿನಲ್ಲೂ ಇಲ್ಲ. ಸಿಕ್ಕಿಬಿದ್ದವರ ಕೈಗೆ ಹುಂಜ. ಅದನ್ನು ದಾಟಿಸಬೇಕೆಂದರೆ ಇನ್ನೊಬ್ಬರನ್ನು ನೀವೇ ಹಿಡಿದುಕೊಡಬೇಕು. ಅವತ್ತು ನಾನು ನಕ್ಕುಕೊಂಡೇ ಸಹಿ ಹಾಕಿದೆ. ಎಷ್ಟು ಮುದ್ದಾಗಿದೆ ನೋಡು ಅಂತ ಹುಂಜದ ಫೋಟೋ ತೆಗೆದು ತಮ್ಮನಿಗೂ ಕಳಿಸಿದ್ದೆ.

ಬೆಳಗ್ಗೆ ಹತ್ತೂವರೆಗೆ ಬ್ರೇಕ್. ಶಿವಮೊಗ್ಗದಲ್ಲಿ ಆಗ ಮಧ್ಯಾಹ್ನ ಎರಡು. ಅಮ್ಮನ ಫೋನ್ ಬಂತು. "ಸಿಲಿಂಡರ್ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ ಕಣೇ, ಕೋಡ್ ನಿನ್ನ ಫೋನಿಗೆ ಬಂದಿದೆಯಂತೆ, ಬೇಗ ಹೇಳು." ಆ ಕನೆಕ್ಷನ್ ಇನ್ನೂ ನನ್ನ ನಂಬರಿನಲ್ಲೇ ಯಾಕಿದೆ ಅನ್ನುವುದನ್ನು ಅದೇ ತಮ್ಮನನ್ನು ಕೇಳಿ. ನಾನು ಗೋಡೆಗೆ ಮುಖ ಮಾಡಿ, ದನಿ ತಗ್ಗಿಸಿ, "ಬರ್ಕೋ ಅಮ್ಮ, ನೈನ್ ಸೆವೆನ್ ಸೆವೆನ್" ಅನ್ನುವಷ್ಟರಲ್ಲಿ ಹಿಂದಿನಿಂದ ಒಂದು ಚಪ್ಪಾಳೆ.

ಟೀಚರ್. ನಗುತ್ತಿದ್ದರು. ಅದೇ ಕಷ್ಟ, ಅವರು ಕೆಟ್ಟವರೇನಲ್ಲ. ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಒಂದು ಮಾತು ಆಡುತ್ತಿದ್ದೆ. (ತಿರುಗಿ ಆಡುವುದಕ್ಕೆ ಫ್ರೆಂಚ್ ಬರಬೇಕಲ್ಲ, ಅದು ಬೇರೆ.) ಗಾಬರಿಯಲ್ಲಿ ಫೋನ್ ಕಟ್ ಮಾಡಿದೆ. "ಇಂಗ್ಲಿಷ್!" ಅಂದರು. ಇಂಗ್ಲಿಷ್ ಅಲ್ಲ ಮದಾಮ್, ಕನ್ನಡ ಅಂದೆ. "ಓ, ಕೆನಡಾ! ಅಲ್ಲೂ ಫ್ರೆಂಚ್ ಮಾತಾಡುತ್ತಾರಲ್ಲ!" ಅಂದರು. ಕಾರಿಡಾರಿಗೆ ಕಾರಿಡಾರೇ ನಕ್ಕಿತು.

ಸರಿ, ನೈನ್ ಸೆವೆನ್ ಸೆವೆನ್ ಅನ್ನುವುದು ಕನ್ನಡ ಅಲ್ಲ. ಆದರೆ ನಮ್ಮಲ್ಲಿ ಯಾರು ಸ್ವಾಮಿ ಓಟಿಪಿಯನ್ನು ಒಂಬತ್ತು ಏಳು ಏಳು ಅಂತ ಹೇಳುತ್ತಾರೆ? ಹಾಗೆ ಹೇಳಿದರೆ ಅಮ್ಮನೇ "ಸರಿಯಾಗಿ ಹೇಳೇ" ಅಂತ ಗದರುತ್ತಾಳೆ. ಇದನ್ನೆಲ್ಲ ನನ್ನ ಮುರುಕಲು ಫ್ರೆಂಚಿನಲ್ಲಿ ಬಿಡಿಸಿ ಹೇಳುವುದು ಹೇಗೆ? ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

ಅಲ್ಲಿಗೆ ಮುಗಿಯಲಿಲ್ಲ. ಬೋರ್ಡ್ ಹತ್ತಿರ ಕರೆದು ನಿಲ್ಲಿಸಿದರು. ಯಾವ ನಂಬರ್ ಹೇಳುತ್ತಿದ್ದೆಯೋ ಅದನ್ನು ಈಗ ಫ್ರೆಂಚಿನಲ್ಲಿ ಹೇಳು, ಇಲ್ಲಿನವರ ಹಾಗೆ ಎರಡೆರಡು ಅಂಕಿ ಸೇರಿಸಿ ಹೇಳು ಅಂದರು. 97, 72. ಗೊತ್ತಿದ್ದವರಿಗೆ ಗೊತ್ತು, ಇದು ಎಂಥ ಶಿಕ್ಷೆ ಅಂತ. ಫ್ರಾನ್ಸಿನಲ್ಲಿ 97 ಅಂದರೆ ನಾಲ್ಕು-ಇಪ್ಪತ್ತು-ಹದಿನೇಳು. ಮಗ್ಗಿ ಹೇಳಿ ಕೂಡಬೇಕು. ಕತ್ರ್ ಅಂದೆ, ವ್ಯಾಂ ಅಂದೆ, ನಿಂತೆ. ಎಂಬತ್ತಕ್ಕೆ ಬಂದಿದ್ದೇನೆ, ಇನ್ನೂ ಹದಿನೇಳು ಬೇಕು. ಮುಂದಿನ ಬೆಂಚಿನ ಜರ್ಮನ್ ಹುಡುಗಿ ತುಟಿ ಆಡಿಸಿ ತೋರಿಸುತ್ತಿದ್ದಾಳೆ. ಅವಳಿಗೆ ಹತ್ತೊಂಬತ್ತು ವರ್ಷ ಇರಬಹುದು. ಅವಳ ತುಟಿ ನೋಡಿ ದಿಸ್-ಸೆತ್ ಅಂದೆ. ಚಪ್ಪಾಳೆ. ಚಪ್ಪಾಳೆ ಯಾಕೆ? ನಾನೇನು ಒಂದನೇ ಕ್ಲಾಸಾ? ಅದೇ ಉತ್ಸಾಹದಲ್ಲಿ 72ಕ್ಕೆ ಸ್ವಾಸಾಂತ್-ದಿಸ್-ದ ಅಂದುಬಿಟ್ಟೆ. ಅರವತ್ತು-ಹತ್ತು-ಎರಡು. ಇಡೀ ಕ್ಲಾಸು ಒಂದೇ ದನಿಯಲ್ಲಿ "ಸ್ವಾಸಾಂತ್-ದೂಜ್!" ಅಂತ ತಿದ್ದಿತು. ಅರವತ್ತು-ಹನ್ನೆರಡಂತೆ. ಲೆಕ್ಕ ಎರಡೂ ಒಂದೇ ತಾನೇ? ಕೂಡಿ ನೋಡಿ! ಪಕ್ಕದ ಬೆಲ್ಜಿಯಮ್‌ನಲ್ಲಿ ಸೆಪ್ತಾಂತ್-ದ ಅಂತ ಹೇಳಿ ಸಲೀಸಾಗಿ ಮುಗಿಸುತ್ತಾರೆ. ಅಲ್ಲಿಗೇ ಹೋಗಬೇಕಿತ್ತು. ಆಮೇಲೆ ಹುಂಜವನ್ನು ಎರಡೂ ಕೈಯಲ್ಲಿ ಹಿಡಿದು, ಶಾಲು ಹೊದಿಸಿ ಸನ್ಮಾನ ಮಾಡುವ ಹಾಗೆ, ನನಗೆ ಕೊಟ್ಟರು.

ಬಿಡಿ, ಸಣ್ಣ ವಿಷಯ. ಆಟ. ಅವರ ಕೆಲಸ ಅವರು ಮಾಡಿದರು.

ಅಲ್ಲ, ಬಿಡಿ ಅಂದರೆ ಹೇಗೆ? ಗೇಟಿನ ಒಳಗೆ ಫ್ರೆಂಚ್ ಬಿಟ್ಟರೆ ಹುಂಜ. ಗೇಟಿನ ಹೊರಗೆ ಏನು ನಡೆಯುತ್ತದೆ ಗೊತ್ತಾ? ನಿನ್ನೆ ಬೇಕರಿಯಲ್ಲಿ, ಮನೆಯಿಂದ ಬಾಯಿಪಾಠ ಮಾಡಿಕೊಂಡು ಹೋಗಿ, ಬೋಂಜೂರ್ ಮದಾಮ್, ಒಂದು ಬ್ಯಾಗೆಟ್ ಕೊಡಿ ಅಂತ ಪೂರ್ತಿ ಫ್ರೆಂಚಿನಲ್ಲಿ ಕೇಳಿದೆ. ಆಕೆ ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ರೇಟು ಹೇಳಿದಳು. ನಾನು ಫ್ರೆಂಚಿನಲ್ಲೇ ಮೆರ್ಸಿ ಅಂದೆ. ಆಕೆ "ಹ್ಯಾವ್ ಎ ನೈಸ್ ಡೇ" ಅಂದಳು. ಎರಡು ವರ್ಷದ ಉಳಿತಾಯ ಸುರಿದು ಬಂದಿದ್ದೇನೆ. ಬೇರೆ ಭಾಷೆ ಮಾತಾಡಿದರೆ ದಂಡ ಹಾಕುವವರಿದ್ದಾರೆ, ಫ್ರೆಂಚಿನಲ್ಲಿ ಮಾತಾಡಲು ಒಬ್ಬರೂ ಇಲ್ಲ. ಆ ಬೇಕರಿಯಾಕೆಗೆ ಯಾವ ಹುಂಜ ಕೊಡುತ್ತೀರಿ? ಯಾರಾದರೂ ಉತ್ತರ ಕೊಡಿ. ಟೀಚರ್ ಆದರೂ ಸರಿ, ಬೇರೆ ಯಾರಾದರೂ ಸರಿ.

ಇನ್ನು ನನ್ನ ಬಂಡವಾಳ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಆರನೇ ಕ್ಲಾಸಿನಲ್ಲಿ ನಾನೇ ಲೀಡರ್. ಕನ್ನಡ ಮಾತಾಡಿದವರ ಹೆಸರು ಬರೆಯಲು ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಒಂದು ಹೆಸರಿಗೆ ಎರಡು ರೂಪಾಯಿ ದಂಡ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬಿದ್ದು ಮಂಡಿ ಒಡೆದುಕೊಂಡು "ಅಮ್ಮಾ" ಅಂತ ಕಿರುಚಿದಾಗ ಅವಳ ಹೆಸರನ್ನೂ ಬರೆದಿದ್ದೆ. ಕೆಂಪು ಇಂಕಿನಲ್ಲಿ. ಈಗ ಹುಂಜ ಹೊತ್ತುಕೊಂಡು ಯಾರ ಮೇಲೆ ಹಾರಾಡಲಿ?

ಮನೆಗೆ ಬಂದು ಹುಂಜವನ್ನು ಅಡುಗೆಮನೆ ಮೇಜಿನ ಮೇಲಿಟ್ಟೆ. ನಾನಿರುವುದು ಒಬ್ಬ ಅಜ್ಜಿಯ ಮನೆಯಲ್ಲಿ. ವಯಸ್ಸು ಎಂಬತ್ತು ದಾಟಿದೆ. (ಕತ್ರ್-ವ್ಯಾಂ ಮತ್ತು ಚಿಲ್ಲರೆ.) ಊರು ಕ್ಯಾಂಪೇರ್, ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯದ್ದು. ಇಲ್ಲಿನ ಬ್ರೆಟನ್ ಭಾಷೆಯಲ್ಲಿ ಕೆಂಪೆರ್. ಎರಡು ಹೊಳೆ ಸೇರುವ ಜಾಗ ಅಂತ ಅರ್ಥ, ನಮ್ಮ ಕೂಡಲಿ ಇದ್ದ ಹಾಗೆ. ಅಜ್ಜಿ ಬಕ್‌ವೀಟ್ ಹಿಟ್ಟಿನ ಗಲೆತ್ ಹುಯ್ಯುತ್ತಿದ್ದರು, ನೋಡಿದರೆ ರಾಗಿ ದೋಸೆಯದೇ ಬಣ್ಣ. ಹುಂಜ ಏನು ಅಂತ ಕೇಳಿದರು. ಕೈಸನ್ನೆ ಜಾಸ್ತಿ, ಫ್ರೆಂಚ್ ಕಮ್ಮಿ ಬಳಸಿ ಹೇಳಿದೆ. ನಗುತ್ತಾರೆ ಅಂದುಕೊಂಡೆ. ಒಲೆ ಆರಿಸಿಬಿಟ್ಟರು.

ಅವರ ಅಣ್ಣನ ಕೊರಳಿಗೆ ಶಾಲೆಯಲ್ಲಿ ಮರದ ಚಪ್ಪಲಿ ಕಟ್ಟುತ್ತಿದ್ದರಂತೆ, ಬ್ರೆಟನ್ ಮಾತಾಡಿದ್ದಕ್ಕೆ. ಅದಕ್ಕೆ 'ಸ್ಯಾಂಬೋಲ್' ಅಂತ ಹೆಸರು. ಕೆಲವು ಊರಲ್ಲಿ 'ವಾಶ್', ಅಂದರೆ ಹಸು. ಅದನ್ನು ಕಳಚಬೇಕೆಂದರೆ ಬ್ರೆಟನ್ ಮಾತಾಡುವ ಇನ್ನೊಬ್ಬ ಹುಡುಗನನ್ನು ಹಿಡಿದುಕೊಡಬೇಕು. ಥೇಟ್ ನಮ್ಮ ಹುಂಜದ ನಿಯಮವೇ! ಟೀಚರಿಗೆ ಇದು ಗೊತ್ತೋ ಇಲ್ಲವೋ. ಆಕೆ ಪ್ಯಾರಿಸ್‌ನಿಂದ ಬೇಸಿಗೆಗೆ ಮಾತ್ರ ಬಂದವರು, ಗೊತ್ತಿರಲಿಕ್ಕಿಲ್ಲ. ಅಜ್ಜಿ ತನ್ನ ಮಕ್ಕಳಿಗೆ ಬ್ರೆಟನ್ ಕಲಿಸಲೇ ಇಲ್ಲವಂತೆ. ಮೊಮ್ಮಗಳು ಮಾತ್ರ ದಿವಾನ್ ಶಾಲೆಗೆ ಹೋಗಿ ಕಲಿತಳಂತೆ. 1977ರಲ್ಲಿ ಶುರುವಾದ ಶಾಲೆಗಳು, ಪಾಠ ಆಟ ಎಲ್ಲ ಬ್ರೆಟನ್‌ನಲ್ಲೇ. ಅದಕ್ಕೂ ಇಮರ್ಶನ್ ಅಂತಲೇ ಹೆಸರು.

ರಾತ್ರಿ ನಿದ್ದೆ ಬರದೆ ಹುಡುಕಿದೆ. 2021ರ ಮೇ ತಿಂಗಳಲ್ಲಿ ಇವರ ಸಂವಿಧಾನ ಮಂಡಳಿ, ಪ್ರಾದೇಶಿಕ ಭಾಷೆಗಳಲ್ಲಿ ಇಮರ್ಶನ್ ಕಲಿಕೆ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿದೆ. ಗಣರಾಜ್ಯದ ಭಾಷೆ ಫ್ರೆಂಚ್ ಅಂತ ಎರಡನೇ ವಿಧಿಯಲ್ಲಿದೆಯಂತೆ. ಬ್ರೆಟನ್‌ನಲ್ಲಿ ಮುಳುಗಿದರೆ ತಪ್ಪು, ಫ್ರೆಂಚಿನಲ್ಲಿ ಮುಳುಗಬೇಕಾದರೆ ನನ್ನಿಂದ ಫೀಸು. ಇದನ್ನು ನಾಳೆ ಕ್ಲಾಸಿನಲ್ಲಿ ಎದ್ದು ನಿಂತು ಹೇಳಬೇಕು ಅಂತ ಕುದಿಯುತ್ತಿದ್ದೇನೆ. ಹೇಳುವುದು ಫ್ರೆಂಚಿನಲ್ಲೇ. 2021 ಅನ್ನುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ನಾನು ಹೇಳುವುದಿಲ್ಲ. ನನಗೇ ಗೊತ್ತು. ನಾಳೆ ಕಾಫಿ ಮೆಷಿನ್ ಹತ್ತಿರ ಹೊಂಚು ಹಾಕುತ್ತೇನೆ. ಕ್ಲಾಸಿನಲ್ಲಿ ಜಪಾನಿನ ಒಬ್ಬ ರಿಟೈರಾದ ಯಜಮಾನರಿದ್ದಾರೆ, ಚಿಲ್ಲರೆ ಎಣಿಸುವಾಗ ಜಪಾನೀಸಿನಲ್ಲಿ ಗೊಣಗುತ್ತಾರೆ. ಬಹಳ ಒಳ್ಳೆಯ ಮನುಷ್ಯ. ಮೊನ್ನೆ ನನಗೆ ಕೊಡೆ ಕೊಟ್ಟಿದ್ದರು.

ಈಗಷ್ಟೇ ಅಮ್ಮನ ಮೆಸೇಜ್ ನೋಡಿದೆ. ಕೊನೆಯ ಅಂಕಿ ಕೇಳಿಸಲೇ ಇಲ್ಲವಂತೆ. ಹುಡುಗ ಸಿಲಿಂಡರ್ ವಾಪಸ್ ತೆಗೆದುಕೊಂಡು ಹೋದನಂತೆ. ನಾಳೆ ಮತ್ತೆ ಬರುತ್ತಾನಂತೆ, ಮಧ್ಯಾಹ್ನ ಎರಡಕ್ಕೆ.